ವಿದ್ಯಾರ್ಥಿಗಳ ಡಿಜಿಟಲ್ ಕಲಾಕೃತಿಗಳು ದಾಖಲಾತಿ ಪುಸ್ತಕಕ್ಕೆ ಸೇರಲಿ: ಪುರಾತತ್ವ ಇಲಾಖೆಗೆ ಒಂದು ಬಹಿರಂಗ ಪತ್ರ

ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮುಖ್ಯಸ್ಥರಿಗೆ,
ಹಾಗೂ ರಾಜ್ಯದ ಸರ್ಕಾರಿ ವಸ್ತುಸಂಗ್ರಹಾಲಯಗಳ ಕ್ಯುರೇಟರುಗಳಿಗೆ,

ಮಾನ್ಯರೇ,

ದೃಶ್ಯಕಲಾ ಕಾಲೇಜುಗಳ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ, ಟ್ಯಾಬಿನಲ್ಲಿ, ಅನೇಕ ಸಲ ಬರೀ ಮೊಬೈಲಿನಲ್ಲಿಯೇ ರಚಿಸಿದ ಕೃತಿಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶಿಸುವ ಪರಿಪಾಠ ಈಚೆಗೆ ಅಲ್ಲಲ್ಲಿ ಬೆಳೆಯುತ್ತಿದೆ. ದೃಶ್ಯಕಲೆಯ ಪಾಠ ಹೇಳುತ್ತಾ ಬಂದವನಾಗಿ ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇಂಥ ಪ್ರದರ್ಶನಗಳು ನಡೆಯುವ ರೀತಿಯನ್ನು ನೋಡಿದರೆ ಅವು ಪ್ರದರ್ಶನಗಳೆನ್ನುವುದಕ್ಕಿಂತ ಸಮಾರಂಭಗಳಾಗಿಯೇ ಮುಗಿಯುತ್ತಿವೆ ಎನ್ನಿಸುತ್ತದೆ. ದೀಪ ಬೆಳಗಿಸುವುದು, ಪ್ರಮಾಣಪತ್ರ ಹಂಚುವುದು, ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವುದು ಇವೆಲ್ಲ ಸಾಂಗವಾಗಿ ನೆರವೇರಿದ ಬಳಿಕ ಪ್ರೊಜೆಕ್ಟರಿನಲ್ಲಿ ಎಲ್ಲ ಕೃತಿಗಳೂ ಒಂದರ ಹಿಂದೊಂದು ಓಡುತ್ತವೆ. ಅವಧಿ ಮುಗಿದ ದಿನ ಯಾರೋ ಬಂದು ಪೆನ್‌ಡ್ರೈವ್ ಕಿತ್ತುಕೊಂಡು ಹೋಗುತ್ತಾರೆ. ವಸ್ತುಸಂಗ್ರಹಾಲಯದ ದಾಖಲಾತಿ ಪುಸ್ತಕದಲ್ಲಿ ಆ ಪ್ರದರ್ಶನದ ಸಲುವಾಗಿ ಒಂದು ಸಾಲೂ ಸೇರಿರುವುದಿಲ್ಲ.

ಈ ಪತ್ರದ ಕೋರಿಕೆ ಇಷ್ಟೇ: ನಿಮ್ಮ ಯಾವುದೇ ಸಂಗ್ರಹಾಲಯದಲ್ಲಿ ವಿದ್ಯಾರ್ಥಿಗಳ ಡಿಜಿಟಲ್ ಕಲಾ ಪ್ರದರ್ಶನ ನಡೆದರೂ, ಅದರಿಂದ ಆಯ್ದ ಕೆಲವು ಕೃತಿಗಳನ್ನಾದರೂ ಕ್ರಮಬದ್ಧವಾಗಿ ಸಂಗ್ರಹಕ್ಕೆ ಸೇರಿಸಿಕೊಳ್ಳುವ, ಸಂಖ್ಯೆ ಕೊಟ್ಟು ದಾಖಲಿಸುವ, ಮುಂದೆ ಕೇಳಿದವರಿಗೆ ತೆರೆದು ತೋರಿಸಲು ಆಗುವಂತೆ ಕಾಪಾಡುವ ನಿಯಮವೊಂದನ್ನು ಇಲಾಖೆ ರೂಪಿಸಬೇಕು. ಕೃತಿಗಳನ್ನು ತೋರಿಸುವ ಕೆಲಸವನ್ನು ಕಾಲೇಜಿನ ಮೊಗಸಾಲೆ ಮಾಡಬಲ್ಲದು, ಮಾಲ್‌ಗಳು ಮಾಡಬಲ್ಲವು, ಇನ್‌ಸ್ಟಾಗ್ರಾಂ ಹಗಲಿರುಳೂ ಮಾಡುತ್ತಲೇ ಇದೆ. ಇಟ್ಟುಕೊಳ್ಳುವ ಕೆಲಸ ಮಾತ್ರ ಸಂಗ್ರಹಾಲಯದ್ದು. ಅದನ್ನು ಬಿಟ್ಟುಕೊಟ್ಟರೆ ವಿದ್ಯಾರ್ಥಿಗಳ ಕೃತಿಗಳು ಅಲ್ಲಿಗೆ ಬರಬೇಕಾದ ಅಗತ್ಯವೇ ಇರುವುದಿಲ್ಲ.

ಕಾಪಾಡುವುದೆಂದರೇನು ಎಂಬುದಕ್ಕೆ ನಿಮ್ಮ ಸಂಗ್ರಹದಲ್ಲಿಯೇ ಉದಾಹರಣೆ ಇದೆ. 1865ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದಿರಿಸಿದ, ಕ್ರಿ.ಶ. 949-50ರ ಶಾಸನಶಿಲೆಯಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲದ ಕಲ್ಲು ಅದು. ಚರಿತ್ರಕಾರರು ಅದನ್ನು ಆ ಯುದ್ಧದ ಸಲುವಾಗಿ ಓದುತ್ತಾರೆ. ನೋಡಲು ಬರುವ ಮಕ್ಕಳು ಮಾತ್ರ ಅದರ ಮೇಲೆ ಕೆತ್ತಿರುವ ನಾಯಿ ಮತ್ತು ಕಾಡುಹಂದಿಯ ಕಾಳಗವನ್ನು ನೋಡಿ ನಿಲ್ಲುತ್ತಾರೆ. ಗಂಗರ ಇಮ್ಮಡಿ ಬೂತುಗನು ತನ್ನ ವೀರ ಮಣಲೆರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದಾಗ ಆತ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು. ಈ ಕಥೆ ಹಲವರಿಗೆ ಗೊತ್ತಿರಬಹುದು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಕಲ್ಲನ್ನು ನಿಲ್ಲಿಸಿದವರು ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಅದರ ಪೂಜೆಗೆಂದು ಭೂಮಿ ಬಿಟ್ಟರು. ನೋಡಿಕೊಳ್ಳುವ ಗೊರವನು, ಎಂದರೆ ಶೈವ ಅರ್ಚಕನು, ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂಬ ಎಚ್ಚರಿಕೆಯನ್ನು ಕಲ್ಲಿನ ಮೇಲೆಯೇ ಬರೆಸಿದರು. ಎಂದರೆ ನಿರ್ವಹಣೆಗೆ ಹಣ, ಹೊಣೆಗೆ ಒಬ್ಬ ವ್ಯಕ್ತಿ, ತಪ್ಪಿದರೆ ಶಿಕ್ಷೆ ಈ ಮೂರೂ ಹತ್ತನೆಯ ಶತಮಾನದಲ್ಲಿಯೇ ಲಿಖಿತವಾಗಿದ್ದವು. ಒಂದು ಕಲ್ಲಿಗೇ ಇಷ್ಟು ವ್ಯವಸ್ಥೆ ಬೇಕೆಂದು ಅವರಿಗೆ ತೋರಿದ್ದರೆ, ಒಂದು ತಪ್ಪು ಗುಂಡಿ ಒತ್ತಿದರೆ ಅಳಿದುಹೋಗುವ ಕಡತಕ್ಕೆ ಎಷ್ಟು ಬೇಕು ಎಂಬುದನ್ನು ನೀವೇ ಯೋಚಿಸಬೇಕು.

ಈ ಕಲ್ಲನ್ನೇ ಆರಿಸಿಕೊಂಡು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಸಂಗ್ರಹಾಲಯವೊಂದರಲ್ಲಿ ನಡೆದ ವಿದ್ಯಾರ್ಥಿ ಪ್ರದರ್ಶನದಲ್ಲಿ ಇದೇ ಶಿಲ್ಪವನ್ನು ಆಧರಿಸಿದ, ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಆನಿಮೇಷನ್ ಕೃತಿಯೊಂದನ್ನು ನೋಡಿದೆ. ದೃಶ್ಯಕಲಾ ಪದವಿಯ ವಿದ್ಯಾರ್ಥಿನಿಯೊಬ್ಬಳು ಅದನ್ನು ಐಬಿಸ್ ಪೇಂಟ್ ಆ್ಯಪ್‌ನಲ್ಲಿ, ಮೊಬೈಲಿನ ಮೇಲೆ ಬೆರಳಿನಿಂದ, ಒಂದೊಂದೇ ಚೌಕಟ್ಟಾಗಿ ಬರೆದಿದ್ದಳು. ನಾಯಿ ಹಂದಿಯ ಮೇಲೆ ಎರಗುವ ಹೊತ್ತಿಗೆ ಕಲ್ಲಿನ ಉಳಿಯ ಗುರುತುಗಳೇ ರೋಮಗಳಾಗಿ ನಿಮಿರುತ್ತಿದ್ದವು. ಎರಡೂ ಪ್ರಾಣಿಗಳು ಸೋತು ಕುಸಿದಾಗ ಆ ರೋಮಗಳು ಅಕ್ಷರಗಳಾಗಿ ಸಾಲುಗಟ್ಟುತ್ತಿದ್ದವು. ಶಿಲ್ಪವನ್ನು ನಾಲ್ಕಾರು ಕಡೆಯಿಂದ ನೋಡಿ, ಬೆಳಕು ಬೀಳುವ ಕೋನವನ್ನು ಗಮನಿಸಿದವರಿಗಲ್ಲದೆ ಈ ಕಲ್ಪನೆ ಹೊಳೆಯುವಂಥದ್ದಲ್ಲ.

ಆದರೆ ಅದು ಅಲ್ಲಿ ಕಂಡ ಬಗೆ ಬೇರೆ. ಆಕೆ ಚೌಕಾಕಾರದಲ್ಲಿ ಬರೆದ ಕೃತಿಯನ್ನು ಗೋಡೆಯ ಟಿ.ವಿ.ಯ ಅಗಲಕ್ಕೆ ಎಳೆದಿದ್ದರಿಂದ ನಾಯಿ ಉಡದಂತೆ ಉದ್ದವಾಗಿತ್ತು. ಉದ್ಘಾಟನಾ ಭಾಷಣಕ್ಕೆ ಅಡ್ಡಿಯಾಗುತ್ತದೆಂದು ನಿಲ್ಲಿಸಿದ್ದ ಧ್ವನಿಯನ್ನು ಆಮೇಲೆ ಯಾರೂ ಹಚ್ಚಿರಲಿಲ್ಲ. ಕೃತಿಗೆ ಮೊದಲು ಬರುವ ವಿವರದ ಸ್ಲೈಡನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಲಾಗಿತ್ತು. ಆ ಕಂಪ್ಯೂಟರಿನಲ್ಲಿ ಫಾಂಟು ಇಲ್ಲದ್ದರಿಂದ ಕೃತಿಯ ಶೀರ್ಷಿಕೆ, ವಿದ್ಯಾರ್ಥಿನಿಯ ಹೆಸರು ಎರಡರ ಜಾಗದಲ್ಲೂ ಕೊಂಬು, ಗೀರುಗಳಿದ್ದ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲು ಮೂಡುತ್ತಿತ್ತು. ನೋಡುಗರಲ್ಲಿ ಕೆಲವರು ನಕ್ಕರು. ಯಾರ ಕೃತಿ ಎಂದು ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದರೆ ಪಟ್ಟಿ ಕಚೇರಿಯಲ್ಲಿದೆ ಎಂದರು. ಆ ಸಿಬ್ಬಂದಿಯ ಮೇಲೆ ನನಗೆ ದೂರಿಲ್ಲ. ಕಂಚಿನ ವಿಗ್ರಹವನ್ನು ಹೇಗೆ ಎತ್ತಬೇಕು, ಹಸ್ತಪ್ರತಿಯನ್ನು ಹೇಗೆ ಮುಟ್ಟಬೇಕು ಎಂಬ ಸೂಚನೆಗಳು ಅವರಿಗಿವೆ. ಕಡತವೊಂದನ್ನು ಕಲಾಕೃತಿಯಾಗಿ ನಡೆಸಿಕೊಳ್ಳುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ.

ಡಿಜಿಟಲ್ ಕೃತಿಗೆ ಅಳಿವಿಲ್ಲ, ನೂರು ಪ್ರತಿ ಮಾಡಬಹುದು, ಆದ್ದರಿಂದ ಕಾಪಾಡುವ ತಲೆಬಿಸಿಯಿಲ್ಲ ಎಂಬ ತಿಳಿವಳಿಕೆ ಅಧಿಕಾರಿಗಳಲ್ಲಷ್ಟೇ ಅಲ್ಲ, ಅಧ್ಯಾಪಕರಲ್ಲೂ ಇದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಅಮೆರಿಕದ ಆ್ಯಂಡಿ ವಾರ್ಹಾಲ್ 1985ರಲ್ಲಿ ಕಮೊಡೋರ್ ಕಂಪನಿಯ ಅಮಿಗಾ ಕಂಪ್ಯೂಟರಿನಲ್ಲಿ ಕೆಲವು ಚಿತ್ರಗಳನ್ನು ರಚಿಸಿದ್ದರು. ಅವುಗಳಿದ್ದ ಫ್ಲಾಪಿಗಳು ಪಿಟ್ಸ್‌ಬರ್ಗಿನಲ್ಲಿ ಅವರದೇ ಹೆಸರಿನ ಸಂಗ್ರಹಾಲಯದಲ್ಲಿ ಭದ್ರವಾಗಿದ್ದರೂ ಒಳಗೇನಿದೆ ಎಂಬುದು ಹೊರಗೆ ಬಂದದ್ದು 2014ರಲ್ಲಿ, ಅದೂ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಂಪ್ಯೂಟರ್ ಕ್ಲಬ್ಬಿನವರು ಹಳೆಯ ಕಡತ ರೂಪವನ್ನು ಬಿಡಿಸಿ ಓದಿದ ಮೇಲೆ. ಜಗತ್ಪ್ರಸಿದ್ಧ ಕಲಾವಿದನ ಗತಿಯೇ ಹೀಗಾದರೆ ನಮ್ಮ ವಿದ್ಯಾರ್ಥಿಯ ಪೆನ್‌ಡ್ರೈವನ್ನು ಯಾರು ಬಿಡಿಸಿ ಓದಿಯಾರು? ದಕ್ಷಿಣ ಕೊರಿಯದಲ್ಲಿ ನಾಮ್ ಜೂನ್ ಪೈಕ್ ಅವರು 1988ರಲ್ಲಿ 1003 ಟಿ.ವಿ. ಪೆಟ್ಟಿಗೆಗಳಿಂದ ಕಟ್ಟಿದ ಗೋಪುರ, ಹಳೆಯ ಪಿಕ್ಚರ್ ಟ್ಯೂಬುಗಳು ಕೆಡುತ್ತಾ ಬಂದದ್ದರಿಂದ 2018ರಲ್ಲಿ ಆರಿಹೋಯಿತು. ಅದನ್ನು ದುರಸ್ತಿ ಮಾಡಿ ಮತ್ತೆ ಬೆಳಗಿಸುವ ಹೊತ್ತಿಗೆ 2022 ಬಂದಿತ್ತು. ಮೂಲ ಟ್ಯೂಬುಗಳನ್ನು ಉಳಿಸಿಕೊಳ್ಳಬೇಕೋ, ಹೊಸ ಪರದೆಗಳನ್ನು ಕೂಡಿಸಬೇಕೋ ಎಂಬ ಚರ್ಚೆಯೇ ಅಲ್ಲಿ ದೊಡ್ಡದಾಗಿ ನಡೆದು, ಕೊನೆಗೆ ಸಾಧ್ಯವಿದ್ದಲ್ಲಿ ಹಳೆಯದನ್ನು ಉಳಿಸಿ ಉಳಿದಲ್ಲಿ ಹೊಸದನ್ನು ಹಾಕಿದರು.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಕಲಾ ವಿದ್ಯಾರ್ಥಿಗಳು ಆನಿಮೇಷನ್ ಎಂದರೆ ಫ್ಲ್ಯಾಶ್ ತಂತ್ರಾಂಶವನ್ನೇ ಹಿಡಿಯುತ್ತಿದ್ದರು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್ ಪ್ಲೇಯರಿನ ಬೆಂಬಲ ನಿಲ್ಲಿಸಿತು; ಬ್ರೌಸರುಗಳಲ್ಲಿ ಆ ಕೃತಿಗಳು ತೆರೆಯುವುದು ಅಲ್ಲಿಗೆ ನಿಂತಿತು. ಅಂತಿಮ ವರ್ಷದ ಕೃತಿಯೆಂದು ಸಿ.ಡಿ.ಯಲ್ಲಿ ಸಲ್ಲಿಸಿದವು ಕಾಲೇಜುಗಳ ಬೀರುಗಳಲ್ಲಿ ಇದ್ದರೂ ಇರಬಹುದು. ಸಿ.ಡಿ. ಹಾಕಲು ಇಂದಿನ ಲ್ಯಾಪ್‌ಟಾಪುಗಳಲ್ಲಿ ಕಿಂಡಿಯೇ ಇಲ್ಲ. ಹಳೆಯ ಫಾಂಟುಗಳ ಕಥೆಯನ್ನಂತೂ ಮೇಲೆಯೇ ಹೇಳಿದ್ದೇನೆ. ಯೂನಿಕೋಡ್ ಬಂದು ಇಷ್ಟು ಕಾಲವಾದರೂ ಸರ್ಕಾರಿ ಕಡತಗಳಲ್ಲಿ ಅವು ಇನ್ನೂ ಹಾಯಾಗಿ ಬದುಕಿರುವುದನ್ನು ಇಲಾಖೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕನ್ನಡ ಅಕ್ಷರವನ್ನೇ ಚಿತ್ರವಾಗಿ ಬಳಸುವ ಕೃತಿಗಳಿಗೆ ಫಾಂಟು ಕಾಣೆಯಾಗುವುದೆಂದರೆ ವರ್ಣಚಿತ್ರದಿಂದ ಬಣ್ಣವೇ ಕಾಣೆಯಾದ ಹಾಗೆ.

ಹಾಗಾದರೆ ಸೇರಿಸಿಕೊಳ್ಳುವಾಗ ಏನನ್ನು ಪಡೆಯಬೇಕು? ಪ್ರದರ್ಶನಕ್ಕೆ ಸಿದ್ಧವಾದ ಅಂತಿಮ ಕಡತವೊಂದೇ ಸಾಲದು. ಪದರಗಳು ಬಿಡಿಬಿಡಿಯಾಗಿರುವ ಕೆಲಸದ ಕಡತ, ಬಳಸಿದ ಫಾಂಟುಗಳು, ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ಮಾಡಿದ್ದು ಎಂಬ ಟಿಪ್ಪಣಿ, ಕೃತಿ ಸರಿಯಾಗಿ ಕಾಣುತ್ತಿದ್ದಾಗ ತೆಗೆದ ಕೆಲವು ಸ್ಥಿರಚಿತ್ರಗಳು ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿಯೇ ತನ್ನ ಮಾತಿನಲ್ಲಿ ಬರೆದುಕೊಟ್ಟ ಒಂದು ಪುಟ ಬೇಕು: ಪರದೆ ಎಷ್ಟು ದೊಡ್ಡದಿರಬೇಕು, ಕೋಣೆ ಕತ್ತಲಾಗಿರಬೇಕೆ, ಧ್ವನಿಯಿಲ್ಲದೆ ತೋರಿಸಬಹುದೆ, ಮುಂದೊಂದು ದಿನ ಈ ಯಂತ್ರ ಸಿಗದಿದ್ದರೆ ಬೇರೆ ಯಂತ್ರದಲ್ಲಿ ತೋರಿಸಲು ಒಪ್ಪಿಗೆಯಿದೆಯೆ, ಕೃತಿಯಲ್ಲಿ ಯಾವುದು ಬದಲಾದರೆ ಅದು ತನ್ನ ಕೃತಿಯಾಗಿ ಉಳಿಯುವುದಿಲ್ಲ. ಕೊರಿಯದವರು ಕಲಾವಿದ ತೀರಿಕೊಂಡ ಮೇಲೆ ತಲೆಕೆಡಿಸಿಕೊಂಡ ಪ್ರಶ್ನೆಗಳಿವು. ನಮ್ಮ ಕಲಾವಿದರಿಗೆ ಇನ್ನೂ ಇಪ್ಪತ್ತು ತುಂಬಿರುವುದಿಲ್ಲ, ಎದುರಿಗೇ ಕುಳಿತಿರುತ್ತಾರೆ, ಕೇಳಿದರೆ ಹೇಳುತ್ತಾರೆ.

ಪ್ರತಿಗಳ ವಿಚಾರದಲ್ಲಿ ಗ್ರಂಥಾಲಯಗಳೂ ಪತ್ರಾಗಾರಗಳೂ ಒಪ್ಪಿಕೊಂಡಿರುವ ಸರಳ ಸೂತ್ರವಿದೆ. ಪ್ರತಿಗಳು ಮೂರಿರಬೇಕು, ಅವು ಕನಿಷ್ಠ ಎರಡು ಬೇರೆ ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದು ಪ್ರತಿ ಬೇರೆ ಸ್ಥಳದಲ್ಲಿರಬೇಕು. ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ, ಸಂಗ್ರಹಾಲಯಗಳು ಜಿಲ್ಲೆಗಳಲ್ಲಿವೆ. ಹೀಗಾಗಿ ಬೇರೆ ಸ್ಥಳ ಎಂಬ ಷರತ್ತು ತಾನಾಗಿಯೇ ಈಡೇರುತ್ತದೆ. ವರ್ಷಕ್ಕೊಮ್ಮೆ ಕಡತಗಳನ್ನು ತೆರೆದು ನೋಡಿ, ಸೇರಿಸಿಕೊಂಡ ದಿನ ಲೆಕ್ಕಹಾಕಿ ಬರೆದಿಟ್ಟ ಚೆಕ್‌ಸಮ್ (ಕಡತದ ಒಳಗಿನ ಅಂಶಗಳಿಂದ ಲೆಕ್ಕಹಾಕಿದ ಗುರುತು ಸಂಖ್ಯೆ) ಈಗಲೂ ಹೊಂದುತ್ತದೆಯೇ ಎಂದು ತಾಳೆ ನೋಡಿದರೆ ಕಡತ ಒಳಗೊಳಗೇ ಕೆಟ್ಟಿದೆಯೋ ಇಲ್ಲವೋ ತಿಳಿಯುತ್ತದೆ. ಇದಕ್ಕೆ ಬೇಕಾದ ಹಾರ್ಡ್‌ಡಿಸ್ಕುಗಳ ಬೆಲೆ ಉದ್ಘಾಟನೆಯ ಹಾರ, ಶಾಲು, ನೆನಪಿನ ಕಾಣಿಕೆಗಳ ಬಿಲ್ಲನ್ನು ಮೀರಲಾರದು.

ಹಕ್ಕಿನ ವಿಚಾರದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ವಿದ್ಯಾರ್ಥಿಗಳಿಗೆ ಹೆಚ್ಚು ಅನ್ಯಾಯವಾಗುತ್ತಿರುವುದು ಇಲ್ಲಿ. ಸ್ಪರ್ಧೆ, ಪ್ರದರ್ಶನಗಳ ಅರ್ಜಿಗಳಲ್ಲಿ ‘ಸಲ್ಲಿಸಿದ ಕೃತಿಯ ಎಲ್ಲ ಹಕ್ಕುಗಳೂ ಸಂಘಟಕರಿಗೆ ಸೇರಿರುತ್ತವೆ’ ಎಂಬ ಒಂದು ಸಾಲು ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಇರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ವಿದ್ಯಾರ್ಥಿ ಅದನ್ನು ಓದುವುದಿಲ್ಲ. ಓದಿದರೂ ಸಹಿ ಹಾಕದೆ ವಿಧಿಯಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಉದ್ಯೋಗದ ಭಾಗವಾಗಿ ಮಾಡಿದ್ದು ಮುಂತಾದ ಕೆಲವು ಸಂದರ್ಭಗಳನ್ನು ಬಿಟ್ಟರೆ, ಕೃತಿಯ ಮೊದಲ ಒಡೆತನ ಅದನ್ನು ರಚಿಸಿದವರದೇ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂಬುದನ್ನು ಹೇಳಬೇಕು ಎನ್ನುತ್ತದೆ 19ನೆಯ ಕಲಂ. ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದೂ ತಿಳಿಯಬೇಕು. ಆದ್ದರಿಂದ ಆ ಸಣ್ಣಕ್ಷರದ ಸಾಲು ಸಂಘಟಕರು ಅಂದುಕೊಂಡಷ್ಟು ಗಟ್ಟಿಯೂ ಅಲ್ಲ. ಸಂಗ್ರಹಾಲಯಕ್ಕೆ ಬೇಕಾಗಿರುವುದು ಒಡೆತನವಲ್ಲ. ಕಡತದ ಪ್ರತಿಯೊಂದನ್ನು ಇಟ್ಟುಕೊಳ್ಳುವ, ಉಳಿಸುವ ಸಲುವಾಗಿ ಇನ್ನೊಂದು ರೂಪಕ್ಕೆ ಪರಿವರ್ತಿಸುವ, ತನ್ನ ಆವರಣದಲ್ಲಿಯೂ ತನ್ನ ಪ್ರಕಟಣೆಗಳಲ್ಲಿಯೂ ತೋರಿಸುವ ಪರವಾನಗಿ ಸಾಕು. ಉಳಿದೆಲ್ಲ ವಿದ್ಯಾರ್ಥಿಯ ಬಳಿಯೇ ಇರಲಿ. ನಾಳೆ ಆಕೆ ಆ ಕೃತಿಯನ್ನು ಮಾರಬಹುದು, ಪುಸ್ತಕದ ಮುಖಪುಟಕ್ಕೆ ಕೊಡಬಹುದು, ಕೊಡದೆಯೂ ಇರಬಹುದು.

ಅದೇ ಅಧಿನಿಯಮದ 57ನೆಯ ಕಲಂ, ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕನ್ನು ಕಲಾವಿದರಿಗೆ ಕೊಡುತ್ತದೆ. ಆದರೆ ಕೃತಿಯನ್ನು ಪ್ರದರ್ಶಿಸದಿರುವುದಾಗಲಿ, ಕಲಾವಿದರಿಗೆ ತೃಪ್ತಿಯಾಗುವಂತೆ ಪ್ರದರ್ಶಿಸದಿರುವುದಾಗಲಿ ಈ ಹಕ್ಕಿನ ಉಲ್ಲಂಘನೆಯಾಗದು ಎಂದು ಅದೇ ಕಲಂನ ವಿವರಣೆ ಹೇಳುತ್ತದೆ. ಕಳಪೆಯಾಗಿ ತೋರಿಸಿದರು ಎಂದು ದೂರುವ ವಿದ್ಯಾರ್ಥಿಗೆ ಕಾನೂನಿನಲ್ಲಿ ಹೆಚ್ಚಿನ ಆಸರೆಯಿಲ್ಲ ಎಂದಾಯಿತು. ಇಲಾಖೆಯ ಸ್ವಂತ ನಿಯಮ ಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ. ಶಾಲಾ ಮಕ್ಕಳ ಕೃತಿಗಳಾದರೆ ಪೋಷಕರ ಸಹಿ ಬೇಕೆಂಬುದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪವನ್ನೂ ಬಲ್ಲೆ. ಕಲಿಯುತ್ತಿರುವವರ ಕೃತಿಗಳು ಇನ್ನೂ ಪಕ್ವವಾಗಿರುವುದಿಲ್ಲ, ಶಾಸನ, ವಿಗ್ರಹಗಳ ಸಾಲಿನಲ್ಲಿ ಅವಕ್ಕೂ ಸಂಖ್ಯೆ ಕೊಟ್ಟರೆ ಸಂಗ್ರಹದ ಘನತೆಗೆ ಕುಂದು ಎಂದು ಹಿರಿಯ ಅಧಿಕಾರಿಗಳು ಹೇಳಿಯಾರು. ಬೆಂಗಳೂರಿನ ಸಂಗ್ರಹಾಲಯಕ್ಕೆ ತಾಗಿಕೊಂಡೇ ಇರುವ ಕಲಾಗ್ಯಾಲರಿ ಯಾರ ಹೆಸರಿನದು ಎಂಬುದನ್ನು ಅವರು ನೆನೆಯಬೇಕು. ಆ ಹೆಸರಿನ ಚಿತ್ರಕಾರ ಕೆ. ವೆಂಕಟಪ್ಪನವರು ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದ ದಿನಗಳ ಕೆಲಸವನ್ನು ಬದಿಗಿಟ್ಟರೆ, ಊಟಿಯ ಜಲವರ್ಣ ದೃಶ್ಯಗಳವರೆಗೆ ಅವರ ಕೈ ಸಾಗಿದ ದಾರಿಯನ್ನು ವಿವರಿಸಲು ಯಾರಿಗೂ ಆಗದು. ಹಾಗೆಂದು ಬಂದದ್ದನ್ನೆಲ್ಲ ತುಂಬಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕಾಲೇಜಿಗೆ ಇಷ್ಟು ಎಂಬ ಹಂಚಿಕೆಯ ಲೆಕ್ಕ ಬೇಡ. ಆಯ್ಕೆ ಮಾಡುವವರಲ್ಲಿ ಡಿಜಿಟಲ್ ಮಾಧ್ಯಮದಲ್ಲಿ ಕೆಲಸ ಮಾಡಿದ ಕಲಾವಿದರೊಬ್ಬರು ಖಂಡಿತ ಇರಲಿ. ಹತ್ತು ವರ್ಷಗಳ ನಂತರ ಮರುಪರಿಶೀಲಿಸಿ, ಕೈಬಿಡುವುದಾದರೆ ಕಾರಣ ಬರೆದು ಕೈಬಿಡುವ ಅವಕಾಶವೂ ಇರಲಿ. 2022ರಿಂದೀಚೆಗೆ ಮಾತು ಬರೆದರೆ ಚಿತ್ರ ಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಎಲ್ಲರ ಕೈಗೂ ಸಿಕ್ಕಿವೆ. ಅವುಗಳನ್ನು ಬಳಸಿದ ಕೃತಿಗಳನ್ನು ಹೊರಗಿಡುವುದು ನನ್ನ ಮಟ್ಟಿಗೆ ಸರಿಯಲ್ಲ, ಆದರೆ ಎಲ್ಲಿ, ಎಷ್ಟು ಬಳಸಲಾಗಿದೆ ಎಂಬುದು ಕೃತಿಯ ಕೆಳಗಿನ ಚೀಟಿಯಲ್ಲಿ ತೈಲವರ್ಣ, ಜಲವರ್ಣ ಎಂದು ಬರೆಯುವಷ್ಟೇ ಸಹಜವಾಗಿ ಬರಬೇಕು.

ಡಿಜಿಟಲ್ ಕೃತಿಯಿಂದ ಇಲಾಖೆಗೆ ಆಗುವ ಅನುಕೂಲವೊಂದನ್ನೂ ಹೇಳಬೇಕು. ವರ್ಣಚಿತ್ರ ಪ್ರದರ್ಶನವನ್ನು ಜಿಲ್ಲೆಗೆ ಒಯ್ಯಬೇಕಾದರೆ ಪೆಟ್ಟಿಗೆ, ವಿಮೆ, ಲಾರಿ, ಕಾವಲು ಎಲ್ಲವೂ ಬೇಕು. ಕಡತಕ್ಕೆ ಇದಾವುದೂ ಬೇಡ. ದಾವಣಗೆರೆ, ಧಾರವಾಡ, ಕಲಬುರಗಿ, ಮೈಸೂರುಗಳ ಕಲಾ ವಿದ್ಯಾರ್ಥಿಗಳ ಆಯ್ದ ಕೃತಿಗಳನ್ನು ಬೆಂಗಳೂರಿನಲ್ಲಿ ತೋರಿಸುವ ದಿನವೇ ಚಿತ್ರದುರ್ಗದಲ್ಲೂ, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲೂ, ಮಡಿಕೇರಿ ಕೋಟೆಯ ಸಂಗ್ರಹಾಲಯದಲ್ಲೂ ತೋರಿಸಬಹುದು. ಎಲ್ಲ ಕಡೆಯೂ ದೊಡ್ಡ ಪರದೆಯೇ ಬೇಕೆಂದಿಲ್ಲ. ಒಳ್ಳೆಯ ಬಣ್ಣ ತೋರಿಸುವ ಒಂದೆರಡು ಮಾನಿಟರುಗಳು, ಧ್ವನಿಯಿರುವ ಕೃತಿಗೆ ಹೆಡ್‌ಫೋನು, ಚಿತ್ರದ ಅಗಲ ಎತ್ತರಗಳನ್ನು ಹಿಗ್ಗಿಸದೆ ಇದ್ದಂತೆ ತೋರಿಸುವ ಎಚ್ಚರ ಇಷ್ಟಿದ್ದರೆ ಸಾಕು. ಜಲವರ್ಣ ಮತ್ತು ಕಾಗದದ ಕೃತಿಗಳಿಗೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದೆಂದು ಮಂದಗೊಳಿಸಿದ ಕೋಣೆಗಳು ಪರದೆಯ ಕೃತಿಗಳಿಗೂ ಹೇಳಿಮಾಡಿಸಿದ ಜಾಗ. ಪರದೆಯ ಬೆಳಕು ಚಿತ್ರಗಳ ಮೇಲೆ ನೇರ ಬೀಳದಂತೆ ನೋಡಿಕೊಂಡರಾಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಕೆಲಸವನ್ನು ಈಗಾಗಲೇ ಕೈಗೊಂಡಿದೆ. ಕಲ್ಲಿನ ಡಿಜಿಟಲ್ ಪ್ರತಿಗೆ ಸಿಗುತ್ತಿರುವ ಅಕ್ಕರೆ ಹುಟ್ಟಿನಿಂದಲೇ ಡಿಜಿಟಲ್ ಆದ ಕೃತಿಗೂ ಸಿಗಲಿ ಎಂಬುದು ಅತಿಯಾಸೆಯಲ್ಲ.

ಕೊನೆಯದಾಗಿ ಕಾರ್ಯಕ್ರಮದ ಮಾತು. ಹೊಸ ಕಟ್ಟಡವಾಗಲಿ, ಹೊಸ ಹುದ್ದೆಗಳಾಗಲಿ ಈ ಪತ್ರದ ಬೇಡಿಕೆಯಲ್ಲ. ಮೊದಲ ಹೆಜ್ಜೆಯಾಗಿ ಇಲಾಖೆ ಎರಡು ಕರಡುಗಳನ್ನು ಪ್ರಕಟಿಸಲಿ: ಒಂದು, ಡಿಜಿಟಲ್ ಕೃತಿಗಳನ್ನು ಸೇರಿಸಿಕೊಳ್ಳುವ ನಿಯಮ, ಇನ್ನೊಂದು, ವಿದ್ಯಾರ್ಥಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರ. ದೃಶ್ಯಕಲಾ ಕಾಲೇಜುಗಳಿಗೆ ಅವನ್ನು ಕಳುಹಿಸಿ, ಅಧ್ಯಾಪಕರಿಂದಲೂ ವಿದ್ಯಾರ್ಥಿಗಳಿಂದಲೂ ಲಿಖಿತ ಅಭಿಪ್ರಾಯ ಪಡೆಯಲು ಒಂದು ತಿಂಗಳ ಕಾಲಾವಕಾಶ ಕೊಡಲಿ. ಒಪ್ಪಿಗೆ ಪತ್ರ ಒಂದು ಪುಟ ಮೀರದಿರಲಿ, ಕನ್ನಡದಲ್ಲಿರಲಿ, ಯೂನಿಕೋಡಿನಲ್ಲಿರಲಿ. ಪ್ರತಿ ಸಂಗ್ರಹಾಲಯದಲ್ಲೂ ಈಗಿರುವ ಸಿಬ್ಬಂದಿಯಲ್ಲಿಯೇ ಒಬ್ಬರಿಗೆ ಈ ಕೃತಿಗಳ ಹೊಣೆಯನ್ನು ಆದೇಶದ ಮೂಲಕ ವಹಿಸಿ, ಅವರ ಹುದ್ದೆಯ ಹೆಸರನ್ನು ಒಪ್ಪಿಗೆ ಪತ್ರದಲ್ಲಿಯೇ ನಮೂದಿಸಲಿ. ವರ್ಷಗಳ ನಂತರ ತನ್ನ ಕೃತಿಯನ್ನು ಕೇಳಿಕೊಂಡು ಬರುವ ಹಳೆಯ ವಿದ್ಯಾರ್ಥಿಗೆ ಯಾವ ಮೇಜಿನ ಮುಂದೆ ನಿಲ್ಲಬೇಕೆಂಬುದು ಗೊತ್ತಿರಬೇಕು. ಕರಡು ಪ್ರಕಟವಾದರೆ ಅದನ್ನು ತಿದ್ದುವ ಕೆಲಸದಲ್ಲಿ ನಾನೂ, ನನ್ನಂಥ ಹಲವು ಅಧ್ಯಾಪಕರೂ ಸಂಭಾವನೆಯಿಲ್ಲದೆ ಕೈಜೋಡಿಸಲು ಸಿದ್ಧರಿದ್ದೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ದೃಶ್ಯಕಲೆಯ ಒಬ್ಬ ಅಧ್ಯಾಪಕ